ಅಂಟುವಾಳದ ನೊರೆ

ಅಂಟುವಾಳದ ಘಾಟು ಮೂಗಿಗೆ ಬಡಿದರೆ ಈಗಲೂ ನನಗೆ ಹಳೇ ಹುಬ್ಬಳ್ಳಿಯ ನಮ್ಮ ಬಚ್ಚಲುಮನೆ ನೆನಪಾಗುತ್ತದೆ.

ಮನೆ ಪಾಲಾದ ಮೇಲೆ ಅಪ್ಪ, ಕಾಕಾ ಮಾತು ಬಿಟ್ಟಿದ್ದರು. ನಡುವಿನ ಬಾಗಿಲಿಗೆ ಅಗಳಿ ಬಿದ್ದಿತ್ತು. ದೀಪಾವಳಿಗೆ ಬಂದ ಸೋದರತ್ತೆ ಬಾಗಿಲು ತೆಗೆಸಿ, ತಮ್ಮಂದಿರಿಬ್ಬರನ್ನೂ ಒಂದೇ ಬಚ್ಚಲಲ್ಲಿ ಕೂಡಿಸಿ ಮೈತುಂಬ ಎಣ್ಣೆ ತಿಕ್ಕಿದಳು. ಇಬ್ಬರೂ ಗೋಡೆ ನೋಡುತ್ತಾ ಕೂತಿದ್ದರು.

ನಾನು ಅಪ್ಪನ ಬೆನ್ನಿಗೆ ಬಿಸಿನೀರು ಸುರಿದೆ. ನೀರು ಹನಿಹನಿಯಾಗಿ ಜಾರಿಹೋಯಿತು. ಎಣ್ಣೆ ಇದ್ದಲ್ಲೇ ಇತ್ತು.

“ಬರೇ ನೀರಿಗೆ ಅದು ಜಪ್ಪಯ್ಯ ಅಂದ್ರೂ ಹೋಗಂಗಿಲ್ಲ, ತಂಗಿ,” ಅಂದಳು ಅತ್ತೆ. “ಅಂಟವಾಳಕ್ಕ ಎರಡು ಕೈ. ಒಂದರಾಗ ಎಣ್ಣಿ ಹಿಡಿತೈತಿ, ಇನ್ನೊಂದರಾಗ ನೀರು. ನಡುವ ನಿಂತು ಎರಡನ್ನೂ ಕೂಡಸ್ತೈತಿ.”

ಅವಳು ನೊರೆ ಹಚ್ಚಿ ತಿಕ್ಕಿದಂತೆ ಎಣ್ಣೆಯೂ ನೀರೂ ಬೆರೆತು ಹಾಲಿನಂತೆ ಬೆಳ್ಳಗೆ ಇಳಿದವು. ನೊರೆ ಕಣ್ಣಿಗೆ ಹೋಗಿ ಅಪ್ಪ ನೀರಿಗಾಗಿ ತಡಕಾಡಿದ. ಕಾಕಾ ನನ್ನ ಕೈಯ ತಂಬಿಗೆ ಕಸಿದುಕೊಂಡ.

“ತಡಿ ಅಣ್ಣಾ, ನಾ ಹಾಕ್ತೇನಿ.”

ಮಧ್ಯಾಹ್ನ ಅತ್ತೆಯ ಆಚೀಚೆ ಕೂತು ಇಬ್ಬರೂ ಹೊಟ್ಟೆತುಂಬ ಉಂಡರು, ನಕ್ಕರು ಕೂಡ.

ಹಬ್ಬ ಮುಗಿದು ಅತ್ತೆ ಬಸ್ಸು ಹತ್ತಿದಳು. ಸಂಜೆಗೆ ನಡುವಿನ ಬಾಗಿಲಿಗೆ ಮತ್ತೆ ಅಗಳಿ ಬಿದ್ದಿತ್ತು. ಯಾರು ಹಾಕಿದರೆಂದು ಯಾರೂ ಕೇಳಲಿಲ್ಲ.