ಕುಲುಮೆಯೊಳಗಿನ ತುಂಡು

ವಿಮಾನ ಹಾರಿಸುತ್ತಿದ್ದ ಮಗ ಅದರೊಂದಿಗೇ ಬಿದ್ದು ಸತ್ತ ಮೇಲೆ ದ್ಯಾವಪ್ಪ ಅತ್ತಿರಲಿಲ್ಲ. ತಪ್ಪು ಮಗನದೋ ಯಂತ್ರದ್ದೋ ಎಂದು ಕೇಳಲು ಬಂದು, ಲೋಹ ಪರೀಕ್ಷಿಸುವ ಕಚೇರಿಯಲ್ಲಿ ಗರ ಬಡಿದವನಂತೆ ಕೂತಿದ್ದ.

"ನಿಮ್ಮ ಮಗನದೇನೂ ತಪ್ಪಿಲ್ಲ ಯಜಮಾನ್ರೇ," ಎಂದಳು ವಿಜ್ಞಾನಿ ಹೆಣ್ಣುಮಗಳು. "ಮುರಿದಿದ್ದು ಎಂಜಿನ್ನಿನ ಬ್ಲೇಡು. ಅದು ನಿಕಲ್ ಲೋಹದ್ದು. ಅದಕ್ಕೆ ಬಲ ಕೊಡೋ ಒಳಗಿನ ಸಣ್ಣ ಕಣಗಳು ಕಾದು ಕಾದು, ಒಂದನ್ನೊಂದು ನುಂಗಿ ದಪ್ಪಗಾಗ್ತವೆ. ಆಗ ಲೋಹ ಸೋಲುತ್ತೆ."

"ಅದಕ್ಕ ಮದ್ದಿಲ್ಲೇನವ್ವಾ?"

"ಇದೆ. ಚಿಟಿಕೆಯಷ್ಟು ಬೇರೆ ಲೋಹ ಬೆರೆಸಿದ್ರೆ ಕಣಗಳು ಬೆಳೆಯಲ್ಲ. ಎಷ್ಟು ಕಾಲ ತಾಳುತ್ತೆ ನೋಡೋಕೆ ಅಂಥದೊಂದು ತುಂಡಿಗೆ ಭಾರ ಕಟ್ಟಿ, ಅಗೋ ಆ ಮೂಲೆಯ ಕುಲುಮೆಯಲ್ಲಿಟ್ಟಿದ್ದೀವಿ, ನಿಮ್ಮ ಮಗ ಕೆಲಸಕ್ಕೆ ಸೇರೋ ಮುಂಚೆಯಿಂದ."

ದ್ಯಾವಪ್ಪ ಕುಲುಮೆಯತ್ತ ನೋಡಿದ. "ಮತ್ತ ವಿಮಾನಕ್ಕ ಯಾಕ ಹಾಕಲಿಲ್ಲ?"

"ಎಷ್ಟು ಕಾಲಕ್ಕೆ ಮುರೀತು ಅಂತ ತೋರಿಸಿದ್ರೇನೇ ಒಪ್ಪಿಗೆ ಸಿಗೋದು. ಆ ತುಂಡು ಇನ್ನೂ ಮುರಿದೇ ಇಲ್ಲ."