ಭೂಮಿಯ ತಳಕ್ಕೊಂದು ಬೀಸಣಿಗೆ

ಪಾರ್ಸಲ್ಲಿನ ಕೊನೆಯ ಮಗ್ಗುಲು ಹೊಲಿಯುತ್ತಿದ್ದ ಕೋದಂಡಪ್ಪನ ಕೈಯನ್ನು ಅಂಚೆ ಗುಮಾಸ್ತ ಅಶ್ವತ್ಥಪ್ಪ ತಡೆದ. ಬಟ್ಟೆಯ ಸಂದಿಯಿಂದ ತಾಳೆಗರಿ ಬೀಸಣಿಗೆಯ ಹಿಡಿ ಇಣುಕುತ್ತಿತ್ತು.

"ಇದ್ಯಾಕಣ್ಣ?"

"ನನ್ನ ಮಗನಿಗೆ. ಭೂಮಿ ತಳದಾಗೆ ಅದೇನೋ ಶೋಧನೆ ಮಾಡೋ ದೊರೆಗಳು ಅವ್ರಂತೆ. ಅವ್ರಿಗೆ ವರ್ಷದ ದಿನಸಿ ಒತ್ಕೊಂಡು ಇವ್ನು ಕೆಲ್ಸಕ್ಕಿರೋ ಹಡಗು ಓಗ್ತದೆ. ಇಲ್ಲಿ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಾಗೆ ಒಂದೂವರೆ ಮೈಲಿ ಇಳಿದ್ರೇನೇ ಬಂಡೆ ಕೈ ಸುಡ್ತದೆ. ಇನ್ನು ಭೂಮಿ ತಳ ಅಂದ್ರೆ ಎಂಗಿರ್ಬೇಕು ಯೋಳು! ಬೆವರೊರೆಸ್ಕೊಳ್ಳಾಕೆ ಎರಡು ಟವಲ್ಲೂ ಇಟ್ಟಿದೀನಿ."

ಅಶ್ವತ್ಥಪ್ಪನಿಗೆ ನಗು ಬಂತು. ಗಣಿಯಲ್ಲಿ ಇಪ್ಪತ್ತು ವರ್ಷ ಬೆಂದ ಆ ಕೈಗಳನ್ನು ಕಂಡು ನಗಲಿಲ್ಲ.

"ಅದು ಗಣಿ ತರ ಒಳಗಿಲ್ಲ ಕಣಣ್ಣ. ಭೂಮಿ ಮೇಲೇನೇ, ದಕ್ಷಿಣದ ತುದೀಲೈತೆ. ಅಲ್ಲಿ ಸಮುದ್ರಾನೇ ಎಪ್ಪುಗಟ್ಟಿರ್ತದೆ. ಎಲ್ಲಿ ನೋಡಿದ್ರೂ ಮಂಜುಗಡ್ಡೆ."

ಕೋದಂಡಪ್ಪ ಬೀಸಣಿಗೆಯ ಹಿಡಿಯನ್ನು ನೋಡಿದ. ಆಮೇಲೆ ಹಾಕಿದ್ದ ಹೊಲಿಗೆಯನ್ನೆಲ್ಲ ಹಲ್ಲಿನಿಂದ ಕಡಿದು ಬಿಚ್ಚಿದ. ಬೀಸಣಿಗೆಯನ್ನು ಹೊರಗೆಳೆದು, ತಾನು ಹೊದ್ದಿದ್ದ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಒಳಗಿಟ್ಟ. ಬಾಗಿಲಿನಿಂದ ಮಾಗಿಯ ಗಾಳಿ ನುಗ್ಗಿತು. ಅವನ ಬರಿ ತೋಳಿನ ಮೇಲೆ ರೋಮಗಳು ನಿಗುರಿ ನಿಂತವು.

"ಮತ್ತೆ ನಿನ್ಗೆ?" ಎಂದ ಅಶ್ವತ್ಥಪ್ಪ.

"ನಂಗ್ಯಾಕಪ್ಪ? ಇನ್ನೊಂದು ಗಂಟೆಗೆ ನನ್ನ ಪಾಳಿ." ಕೋದಂಡಪ್ಪ ಸೂಜಿಗೆ ಮತ್ತೆ ದಾರ ಪೋಣಿಸಿದ. "ಕೆಳಗೆ ಬೆಚ್ಚಗಿರ್ತದೆ."