ಮನೆ ವೈನು

"ಅಪ್ಪನ ಗೋರಿ ಮುಂದೆ ನಿಂತ್ಕೊಂಡು ನೀರಿನ ಬಾಟ್ಲಿ ಚೀಪ್ತಾ ಇದಾನೆ, ನೋಡ್ರಪ್ಪಾ. ನನ್ನ ತಮ್ಮಂಗೆ ಹುಟ್ಟಿದ್ದು ಮಗಾನೋ, ಮೊಲೆ ಬಿಡದ ಕರೂನೋ, ನಂಗಂತೂ ಗೊತ್ತಾಗ್ಲಿಲ್ಲ."

ದೊಡ್ಡಪ್ಪ ಸೆರಾಫಿಮ್ ಇದನ್ನು ಕಿವಿಯಲ್ಲಿ ಹೇಳಲಿಲ್ಲ, ಕೂಗಿ ಹೇಳಿದ. ಈಸ್ಟರ್ ಕಳೆದು ಎಂಟನೆಯ ದಿನ, ಸತ್ತವರ ಹಬ್ಬ. ಊರಿಗೆ ಊರೇ ಸ್ಮಶಾನದಲ್ಲಿತ್ತು. ಗೋರಿಗೊಂದು ಮೇಜು, ಮೇಜಿನ ಮೇಲೆ ಹೆಣೆದ ರೊಟ್ಟಿ, ಕೆಂಪು ಮೊಟ್ಟೆ, ಹೂಜಿ ತುಂಬ ವೈನು. ಅಕ್ಕಪಕ್ಕದ ಗೋರಿಗಳವರು ಅಗಿಯುವುದನ್ನು ನಿಲ್ಲಿಸಿ ಗಾವ್ರಿಲನ ಕಡೆ ತಿರುಗಿದರು. ಇಬ್ಬರು ನಕ್ಕರು.

ಲೋಟ ಒಂದೇ. ಒಬ್ಬ ಕುಡಿದು, ಮತ್ತೆ ತುಂಬಿಸಿ, ಪಕ್ಕದವನಿಗೆ ಕೊಡಬೇಕು. ಅದೀಗ ದೊಡ್ಡಪ್ಪನ ಕೈಯಲ್ಲಿ ಗಾವ್ರಿಲನ ಎದೆಗೆ ತಾಗಿಕೊಂಡು ನಿಂತಿತ್ತು. ಅವನು ತೆಗೆದುಕೊಂಡರೆ ತಾನೇ ಮುಂದೆ ಹೋಗುವುದು.

"ಡಾಕ್ಟ್ರು ಬೇಡ ಅಂದಿದಾರೆ ದೊಡ್ಡಪ್ಪ. ಗೊತ್ತಲ್ಲ ನಿಮಗೆ."

"ಡಾಕ್ಟ್ರು ಅಂದಿದ್ದು ವೋಡ್ಕಾಗೆ ಕಣೋ, ಅಂಗಡಿ ವಿಷಕ್ಕೆ. ಇದು ನಿಮ್ಮಪ್ಪ ನೆಟ್ಟ ಬಳ್ಳೀದು. ಮನೇದು."

ಮನೆಯದು. ಈ ಮಾತನ್ನು ನಂಬಿಯೇ ಗಾವ್ರಿಲ್ ತನ್ನ ಲಿವರು ಕಳೆದುಕೊಂಡಿದ್ದ. ಮೂರು ವರ್ಷ ರಾಜಧಾನಿ ಕಿಶಿನೌದ ಆಸ್ಪತ್ರೆಯ ಡಾಕ್ಟರಮ್ಮ "ಕುಡೀತೀಯಾ?" ಎಂದು ಕೇಳಿದಾಗಲೆಲ್ಲ "ಇಲ್ಲ" ಎಂದಿದ್ದ. ಅದು ಸುಳ್ಳು ಎಂದು ಅವನಿಗೆ ಅನ್ನಿಸಿಯೇ ಇರಲಿಲ್ಲ. ಕುಡಿಯುವವರು ಅಂದರೆ ಬಸ್ ನಿಲ್ದಾಣದಲ್ಲಿ ವೋಡ್ಕಾ ಏರಿಸಿ ಮಣ್ಣಲ್ಲಿ ಹೊರಳುವವರು. ಊಟದ ಜೊತೆ ಮೂರು ಲೋಟ ಮನೆ ವೈನು ಇಳಿಸುವುದನ್ನು ಯಾರಾದರೂ ಕುಡಿತ ಅನ್ನುತ್ತಾರೆಯೇ? ಅದು ಸಾರು ಇದ್ದ ಹಾಗೆ. ಹುಡುಗನಾಗಿದ್ದಾಗ ತಗುಲಿ ಒಳಗೇ ಉಳಿದುಕೊಂಡಿದ್ದ ಕಾಮಾಲೆಯ ಮೇಲೆ ಈ ಸಾರೂ ಬಿದ್ದು, ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆ ಡಾಕ್ಟರಮ್ಮ ಬೇರೆ ಥರ ಕೇಳಿದಳು: "ಮಧ್ಯಾಹ್ನ ಮೇಜಿನ ಮೇಲೆ ಏನೇನು ಇರುತ್ತೆ, ಎಲ್ಲಾ ಹೇಳು." ಗಾವ್ರಿಲ್ ಎಲ್ಲ ಹೇಳಿದ. ಆಕೆ ಪೆನ್ನು ಕೆಳಗಿಟ್ಟು ಅವನನ್ನೇ ನೋಡುತ್ತ ಕೂತಳು.

ಆರು ತಿಂಗಳು ಒಂದು ಹನಿಯೂ ಮುಟ್ಟದಿದ್ದರೆ ತಂಗಿ ರೊಡಿಕಾಳ ಲಿವರಿನ ಒಂದು ಭಾಗ ಕತ್ತರಿಸಿ ಇವನಿಗೆ ಜೋಡಿಸುತ್ತಾರೆ. ನಡುವೆ ಒಂದು ಲೋಟ ಇಳಿದರೂ ರಕ್ತ ಹೇಳಿಬಿಡುತ್ತದೆ, ಮತ್ತೆ ಮೊದಲಿನಿಂದ ಆರು ತಿಂಗಳು. ಇನ್ನೊಂದು ಆರು ತಿಂಗಳು ನಿನ್ನ ಹತ್ತಿರ ಇಲ್ಲ ಎಂದು ಡಾಕ್ಟರಮ್ಮ ಮುಖದ ಮೇಲೆ ಹೇಳಿದ್ದಳು. ಬರುವ ಗುರುವಾರ ಕೊನೆಯ ರಕ್ತಪರೀಕ್ಷೆ. ಇಟಲಿಯಲ್ಲಿ ಯಾರದೋ ಮನೆಯ ಮುದುಕಿಯ ಹೇಲುಚ್ಚೆ ಬಳಿಯುವ ಕೆಲಸ ಬಿಟ್ಟು ರೊಡಿಕಾ ಬಂದಿದ್ದು ಅದಕ್ಕೇ. ಇಲ್ಲೇ ಮಂಡಿಯೂರಿ ಮೇಣದಬತ್ತಿ ಹಚ್ಚುತ್ತಿದ್ದಳು.

"ನಿಮ್ಮಪ್ಪ ನನ್ನ ಕೈಯಿಂದ ಬಂದ ಲೋಟಾನ ಒಂದು ದಿನಾನೂ ಬೇಡ ಅನ್ಲಿಲ್ಲ," ಎಂದ ದೊಡ್ಡಪ್ಪ.

"ಅದಕ್ಕೇ ಐವತ್ತೆರಡಕ್ಕೆಲ್ಲ ಇಲ್ಲಿ ಬಂದು ಮಲಗಿದಾನೆ."

ಅಂದ ಮೇಲೆ ಗಾವ್ರಿಲನಿಗೇ ಗೊತ್ತಾಯಿತು, ಅನ್ನಬಾರದಿತ್ತು. ಅಪ್ಪ ಮೈಯೆಲ್ಲ ಹಳದಿಯಾಗಿ, ಹೊಟ್ಟೆ ಡೋಲಿನ ಹಾಗೆ ಊದಿ, ರಕ್ತ ಕಾರಿ ಸತ್ತವನು. ಆದರೆ ಊರಿನ ಲೆಕ್ಕದಲ್ಲಿ ಅವನು ಹೃದಯ ನಿಂತು ಸತ್ತಿದ್ದ. ಹನ್ನೊಂದು ವರ್ಷದಿಂದ ಅಮ್ಮ ಹಾಗೆಯೇ ಹೇಳಿಕೊಂಡು ಬಂದಿದ್ದಳು, ಊರೂ ಹೌದೆಂದು ತಲೆಯಾಡಿಸಿತ್ತು. ಯಾಕೆ ಆಡಿಸುವುದಿಲ್ಲ? ತಲೆಯಾಡಿಸಿದವರ ಮನೆಮನೆಯಲ್ಲೂ ಹಾಗೆ ಹೃದಯ ನಿಂತವನು ಒಬ್ಬನಾದರೂ ಇದ್ದ.

ಅಮ್ಮ ಮೇಜಿನ ಆಚೆಯಿಂದ ಎದ್ದು ಬಂದಳು. "ಏನಂದೆ? ನಿಮ್ಮಪ್ಪನ್ನ ಕುಡುಕ ಅಂದ್ಯಾ?"

"ಹಂಗಲ್ಲಮ್ಮ..."

"ಇಷ್ಟು ಜನದ ಮುಂದೆ ಅಂದೆ. ಅವನು ಕೆಳಗೆ ಮಲಗಿ ಕೇಳಿಸ್ಕೊಂಡ. ಇಷ್ಟೇ ಜನದ ಮುಂದೆ ವಾಪಸ್ ತಗೋ."

ಅವಳು ದೊಡ್ಡಪ್ಪನ ಕೈಯಿಂದ ಲೋಟ ಕಿತ್ತುಕೊಂಡು ತಾನೇ ಚಾಚಿದಳು. ವೈನು ತುಳುಕಿ ಅವಳ ಕರಿ ಅಂಗಿಯ ತೋಳಿನೊಳಗೆ ಹರಿಯಿತು. ಚಾಚಿದ್ದು ದೊಡ್ಡಪ್ಪನ ಕೈಯೇ ಆಗಿದ್ದರೆ ಗಾವ್ರಿಲ್ ಲೋಟ ಮುಟ್ಟದೆ ಸಂಜೆತನಕ ಬೈಸಿಕೊಂಡು ನಿಂತಿರುತ್ತಿದ್ದ.

"ಅಮ್ಮ, ಬೇಡ," ಎಂದಳು ರೊಡಿಕಾ, ಮಂಡಿಯೂರಿದ್ದಲ್ಲಿಂದಲೇ. "ಗುರುವಾರ ಪರೀಕ್ಷೆ ಇದೆ."

"ನೀನು ಸುಮ್ನಿರೇ. ನೀನು ಇಟಲಿಯೋಳು. ಒಂದು ಲೋಟಕ್ಕೆ ಯಾರೂ ಸಾಯಲ್ಲ."

ಗಾವ್ರಿಲ್ ಅಮ್ಮನ ಮುಖ ನೋಡಿದ. ಲೋಟ ತೆಗೆದುಕೊಂಡ. ಎರಡು ಹನಿ ಗೋರಿಯ ಮಣ್ಣಿಗೆ ಚೆಲ್ಲಿ, ಗೋರಿ ಮುಂದೆ ಎಲ್ಲರೂ ಅನ್ನುವಂತೆ "ದೇವರು ಅವನನ್ನ ಕ್ಷಮಿಸಲಿ" ಎಂದು ಉಳಿದದ್ದನ್ನು ಒಂದೇ ಉಸಿರಿಗೆ ಕುಡಿದ. ಐದು ತಿಂಗಳು ಇಪ್ಪತ್ತೇಳು ದಿನ ಗಂಟಲಲ್ಲಿ ಇಳಿದು ಹೋಯಿತು. ಅಪ್ಪ ಮತ್ತೆ ಹೃದಯ ನಿಂತು ಸತ್ತವನಾದ.

ಸುತ್ತಲಿನ ಬಾಯಿಗಳು ಅಗಿಯತೊಡಗಿದವು. ಅಮ್ಮ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡು ರೊಟ್ಟಿ ಮುರಿಯಲು ಕೂತಳು. ದೊಡ್ಡಪ್ಪ ಗಾವ್ರಿಲನ ಬೆನ್ನಿಗೆ ಒಂದು ಬಿಗಿದು, "ನೋಡ್ರೋ, ಮುಖಕ್ಕೆ ಬಣ್ಣ ಬಂತು. ಔಷಧಿ ಕಣೋ ಇದು, ಔಷಧಿ," ಎಂದು ಹೂಜಿ ಎತ್ತಿದ.

ರೊಡಿಕಾ ಎದ್ದು, ಮಂಡಿಯ ಮಣ್ಣು ಕೊಡವಿ, ಅವನ ಹತ್ತಿರ ಬಂದು ನಿಂತಳು. ಅವಳ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ.

"ಅಣ್ಣ, ಗುರುವಾರ ನಾನು ಆಸ್ಪತ್ರೆಗೆ ಬರ್ಲಾ? ಇಲ್ಲಾ ಇಟಲಿಗೆ ವಾಪಸ್ ಹೋಗ್ಲಾ?"

ಗಾವ್ರಿಲ್ ಅವಳ ಕಡೆ ನೋಡದೆ ಗೋರಿಗಳ ನಡುವೆ ಗೇಟಿನತ್ತ ನಡೆದ. ಸ್ವಲ್ಪ ಮುಂದೆ ಇನ್ನೊಂದು ಗೋರಿಯ ಸುತ್ತ ಬೆಂಚಿನ ಮೇಲೆ ಒತ್ತೊತ್ತಾಗಿ ಕೂತಿದ್ದವರು ಅವನು ಬರುವುದನ್ನು ಕಂಡು, ಅತ್ತಿತ್ತ ಸರಿದು, ಅವನಿಗೂ ಕೂರಲು ಜಾಗ ಮಾಡಿದರು.